ಇಂಡಸ್ಟ್ರಿಯಲ್ ಬಯೋಟೆಕ್‌ನಲ್ಲಿ ಸ್ನಾತಕೋತ್ತರ ಪದವಿ: ಕೋರ್ಸ್ ಆರಿಸುವುದರಿಂದ ಕೆಲಸದ ಸಂದರ್ಶನದವರೆಗೆ

ತಂಪು ಪಾನೀಯಕ್ಕೆ ಹುಳಿ ಕೊಡುವ ಸಿಟ್ರಿಕ್ ಆಮ್ಲ ಇವತ್ತು ನಿಂಬೆಹಣ್ಣಿನಿಂದ ಬರುವುದಿಲ್ಲ. ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟು ಸಕ್ಕರೆ ತಿಂದು ಅದನ್ನು ಮಾಡಿಕೊಡುತ್ತದೆ. ಈ ದಾರಿಯನ್ನು ಜೇಮ್ಸ್ ಕರಿ 1917ರಲ್ಲಿ ತೋರಿಸಿದರು. ಎರಡೇ ವರ್ಷಕ್ಕೆ ಫೈಜರ್ ಕಂಪನಿ ಅದನ್ನು ಕಾರ್ಖಾನೆಗೆ ತಂದಿತು. ಪೆಟ್ರೋಲಿಗೆ ಬೆರೆಸುವ ಎಥನಾಲ್, ಬಟ್ಟೆ ಒಗೆಯುವ ಪುಡಿಯಲ್ಲಿರುವ ಕಿಣ್ವ, ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಎಲ್ಲವೂ ಇದೇ ಬಗೆಯವು. ಜೀವಕೋಶಕ್ಕೆ ಊಟ ಹಾಕಿ, ಅದರಿಂದ ಬೇಕಾದ್ದನ್ನು ಮಾಡಿಸಿ, ಶುದ್ಧ ಮಾಡಿ ಮಾರುವುದು. ಇದನ್ನು ದೊಡ್ಡ ಪ್ರಮಾಣದಲ್ಲಿ, ಪ್ರತಿ ಸಲವೂ ಒಂದೇ ಗುಣಮಟ್ಟದಲ್ಲಿ ಮಾಡುವ ವಿದ್ಯೆಯೇ ಇಂಡಸ್ಟ್ರಿಯಲ್ ಬಯೋಟೆಕ್ನಾಲಜಿ.

ಕರ್ನಾಟಕದಲ್ಲಿ ಬಿ.ಎಸ್ಸಿ. ಅಥವಾ ಬಿ.ಇ. ಓದುತ್ತಿರುವ, ಮುಂದೆ ಈ ವಿಷಯದಲ್ಲಿ ಎರಡು ವರ್ಷ ಕಳೆಯಬೇಕೆಂದಿರುವವರಿಗಾಗಿ ಈ ಮಾರ್ಗದರ್ಶಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಪದವಿಯ ಬೆಲೆ ಸರ್ಟಿಫಿಕೇಟಿನ ಮೇಲಿನ ಹೆಸರಿನಲ್ಲಿಲ್ಲ. ನೀವು ಫರ್ಮೆಂಟರ್, ಅಂದರೆ ಜೀವಕೋಶ ಬೆಳೆಸುವ ಟ್ಯಾಂಕಿನ ಮುಂದೆ ಎಷ್ಟು ಹೊತ್ತು ನಿಂತಿದ್ದೀರಿ, ಅದರ ಅಂಕಿಗಳನ್ನು ಎಷ್ಟು ಸಲ ಕೈಯಾರೆ ಲೆಕ್ಕ ಹಾಕಿದ್ದೀರಿ ಅನ್ನುವುದರಲ್ಲಿದೆ. ಕೆಳಗಿನ ಪ್ರತಿ ಸಲಹೆಯೂ ಈ ಮಾತಿಗೇ ಸೇರಿದ್ದು.

ಹಂತ 1: ಇದು ನಿಮಗೆ ಒಗ್ಗುವ ವಿಷಯವೇ, ನೋಡಿಕೊಳ್ಳಿ

ಬಯೋಟೆಕ್ ಅಂದ ಕೂಡಲೇ ಹಲವರ ಕಣ್ಣಿಗೆ ಬರುವುದು ಡಿಎನ್‌ಎ, ಪಿಸಿಆರ್, ಜೀನ್ ಎಡಿಟಿಂಗ್. ಅವೆಲ್ಲ ಇಲ್ಲೂ ಇವೆ. ಆದರೆ ದಿನದ ಕೆಲಸ ಬೇರೆ. ಪಂಪು, ವಾಲ್ವು, ಸ್ಟೀಮ್ ಲೈನ್, ಫಿಲ್ಟರ್, ಪಿಎಚ್ ಮೀಟರ್, ಎಕ್ಸೆಲ್ ಹಾಳೆ. ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಬ್ಯಾಚ್ ರಾತ್ರಿ ಎರಡು ಗಂಟೆಗೂ ಸ್ಯಾಂಪಲ್ ಕೇಳುತ್ತದೆ. ಪ್ರಾಣಿಕೋಶದ ಬ್ಯಾಚ್ ಆದರೆ ಎರಡು ವಾರ ಎಳೆಯಬಹುದು, ಅದರ ನಡುವೆ ಭಾನುವಾರವೂ ಬರುತ್ತದೆ, ಹಬ್ಬವೂ ಬರುತ್ತದೆ.

ಯಂತ್ರ ಮುಟ್ಟಲು ಹಿಂಜರಿಕೆ ಇಲ್ಲದವರಿಗೆ, ಲೆಕ್ಕ ಕಂಡರೆ ಓಡಿಹೋಗದವರಿಗೆ ಇದು ಬಹಳ ಖುಷಿ ಕೊಡುವ ಕ್ಷೇತ್ರ. ಒಂದು ಜೀನಿನ ಗುಟ್ಟು ಬಿಡಿಸುವುದರಲ್ಲೇ ನಿಮ್ಮ ಮನಸ್ಸಿದ್ದರೆ ಮಾಲಿಕ್ಯುಲರ್ ಬಯಾಲಜಿಗೆ ಹೋಗಿ, ಅಲ್ಲೇ ಚೆನ್ನಾಗಿರುತ್ತೀರಿ. ಎರಡರಲ್ಲಿ ಮೇಲು ಕೀಳು ಏನಿಲ್ಲ.

ಒಂದು ಸುಲಭದ ಪರೀಕ್ಷೆ ಇದೆ. ಹತ್ತಿರದ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಗೋ ಕೆಎಂಎಫ್ ಡೇರಿಗೋ ಕಾಲೇಜಿನ ಪತ್ರ ಹಿಡಿದು ಒಂದು ದಿನ ಹೋಗಿ ಬನ್ನಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರಿಗೆ ಇದು ಕಷ್ಟವೇ ಅಲ್ಲ. ಕಾಕಂಬಿಯ ವಾಸನೆ, ಟ್ಯಾಂಕಿನೊಳಗಿನ ನೊರೆ, ಬಾಯ್ಲರಿನ ಸದ್ದು. ಅದರ ನಡುವೆ ನಿಂತಾಗ "ಇದು ಹೇಗೆ ನಡೆಯುತ್ತೆ?" ಅನ್ನುವ ಪ್ರಶ್ನೆ ತಾನಾಗೇ ಹುಟ್ಟಿದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಹಂತ 2: ಎಂ.ಎಸ್ಸಿ.ಯೋ ಎಂ.ಟೆಕ್ಕೋ?

ಬಿ.ಎಸ್ಸಿ. ಮುಗಿಸಿದವರ ಸಹಜ ದಾರಿ ಎಂ.ಎಸ್ಸಿ. ಬಿ.ಇ. ಅಥವಾ ಬಿ.ಟೆಕ್ ಆದವರಿಗೆ ಎಂ.ಟೆಕ್. ಎಂ.ಎಸ್ಸಿ. ಮುಗಿಸಿ ಎಂ.ಟೆಕ್ ಸೇರುವ ಅವಕಾಶವೂ ಹಲವು ಕಡೆ ಇದೆ.

ಕೋರ್ಸಿನ ಹೆಸರಿನಲ್ಲಿ "ಇಂಡಸ್ಟ್ರಿಯಲ್" ಇರಲೇಬೇಕು ಅಂತ ಹಟ ಹಿಡಿಯಬೇಡಿ. ಬಯೋಪ್ರೊಸೆಸ್ ಟೆಕ್ನಾಲಜಿ, ಬಯೋಕೆಮಿಕಲ್ ಎಂಜಿನಿಯರಿಂಗ್, ಅಪ್ಲೈಡ್ ಮೈಕ್ರೋಬಯಾಲಜಿ, ಬರೀ ಬಯೋಟೆಕ್ನಾಲಜಿ ಎಂಬ ಹೆಸರಿನ ಕೆಳಗೂ ಇದೇ ವಿಷಯ ಸಿಗುತ್ತದೆ. ಸಿಲಬಸ್ ತೆರೆದು ನಾಲ್ಕು ವಿಷಯಗಳನ್ನು ಹುಡುಕಿ. ಬಯೋಪ್ರೊಸೆಸ್ ಎಂಜಿನಿಯರಿಂಗ್, ಡೌನ್‌ಸ್ಟ್ರೀಮ್ ಪ್ರೊಸೆಸಿಂಗ್ (ಬೆಳೆಸಿದ ಮೇಲೆ ಉತ್ಪನ್ನವನ್ನು ಬೇರ್ಪಡಿಸಿ ಶುದ್ಧ ಮಾಡುವುದು), ಕಿಣ್ವ ತಂತ್ರಜ್ಞಾನ, ಮೆಟಬಾಲಿಕ್ ಎಂಜಿನಿಯರಿಂಗ್ (ಬೇಕಾದ್ದನ್ನು ಹೆಚ್ಚು ಮಾಡುವಂತೆ ಜೀವಕೋಶವನ್ನು ತಿದ್ದುವುದು). ಇವುಗಳಲ್ಲಿ ಮೊದಲ ಎರಡಕ್ಕೆ ಪ್ರತ್ಯೇಕ ಪ್ರಾಯೋಗಿಕ ತರಗತಿ ಇದೆಯೇ? ಥಿಯರಿ ಮಾತ್ರ ಇದ್ದರೆ ಆ ಕೋರ್ಸನ್ನು ಪಟ್ಟಿಯ ಕೊನೆಗೆ ತಳ್ಳಿ.

ಹಂತ 3: ಪ್ರವೇಶ ಪರೀಕ್ಷೆಗಳ ಲೆಕ್ಕಾಚಾರ

ಒಂದೇ ಪರೀಕ್ಷೆಯನ್ನು ನಂಬಿ ಕೂರುವುದು ಬೇಡ. ಬಾಗಿಲು ಹಲವು ಇವೆ, ಓದುವ ಪಾಠ ಬಹುಪಾಲು ಒಂದೇ.

ಗ್ಯಾಟ್-ಬಿ: ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಅಂದರೆ ಡಿಬಿಟಿ ಬೆಂಬಲಿಸುವ ಸ್ನಾತಕೋತ್ತರ ಕೋರ್ಸುಗಳಿಗೆ ಇರುವ ಪರೀಕ್ಷೆ. ಮೂರು ಗಂಟೆ, 240 ಅಂಕ. ಮೊದಲ ಭಾಗದಲ್ಲಿ ಪಿಯುಸಿ ಮಟ್ಟದ 60 ಪ್ರಶ್ನೆಗಳು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಬರುತ್ತವೆ, ತಲಾ ಒಂದು ಅಂಕ. ಎರಡನೇ ಭಾಗದಲ್ಲಿ ಪದವಿ ಮಟ್ಟದ 100 ಪ್ರಶ್ನೆ ಕೊಟ್ಟು 60ಕ್ಕೆ ಉತ್ತರಿಸಲು ಹೇಳುತ್ತಾರೆ, ತಲಾ ಮೂರು ಅಂಕ. ತಪ್ಪಿದರೆ ಮೊದಲ ಭಾಗದಲ್ಲಿ ಅರ್ಧ, ಎರಡನೆಯದರಲ್ಲಿ ಒಂದು ಅಂಕ ಹೋಗುತ್ತದೆ. ಮುಂಬೈನ ಐಸಿಟಿ (ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ) ಸಂಸ್ಥೆಯ ಬಯೋಪ್ರೊಸೆಸ್ ಟೆಕ್ನಾಲಜಿ ಎಂ.ಟೆಕ್‌ಗೆ ದಾರಿ ಈ ಪರೀಕ್ಷೆಯೇ. ಒಂದು ವಿಷಯ ನೆನಪಿಡಿ: ಗ್ಯಾಟ್-ಬಿ ಅಂಕ ಬಂದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ನಿಮಗೆ ಬೇಕಾದ ಪ್ರತಿ ಸಂಸ್ಥೆಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಒಳ್ಳೆ ಅಂಕ ಕೈಯಲ್ಲಿದ್ದೂ ಸಂಸ್ಥೆಯ ಅರ್ಜಿಯ ಕೊನೆಯ ದಿನ ತಪ್ಪಿಸಿಕೊಂಡು ಒದ್ದಾಡುವ ಮಕ್ಕಳು ಇದ್ದಾರೆ. ಈ ಕೋರ್ಸುಗಳಲ್ಲಿ ಡಿಬಿಟಿ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ. ಹಾಸ್ಟೆಲ್ ಖರ್ಚಿನ ಭಾರ ಅಷ್ಟು ಇಳಿಯುತ್ತದೆ.

ಜ್ಯಾಮ್: ಐಐಟಿಗಳ ಎಂ.ಎಸ್ಸಿ.ಗೆ ಇರುವ ಪರೀಕ್ಷೆ. 60 ಪ್ರಶ್ನೆ, 100 ಅಂಕ. ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಜೀವಶಾಸ್ತ್ರದ ಜೊತೆ ಪಿಯುಸಿ ಮಟ್ಟದ ಗಣಿತ, ಭೌತ, ರಸಾಯನವೂ ಇದೆ. ಐಐಟಿ ಬಾಂಬೆ, ರೂರ್ಕಿಯ ಬಯೋಟೆಕ್ ಎಂ.ಎಸ್ಸಿ.ಗೆ ಇದೇ ಬಾಗಿಲು.

ಗೇಟ್: ಎಂ.ಟೆಕ್‌ಗೆ. ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಬಯೋಪ್ರೊಸೆಸ್ ಎಂಜಿನಿಯರಿಂಗ್‌ಗೆ ಒಳ್ಳೆಯ ಪಾಲಿದೆ. ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ.

ಇವುಗಳ ಜೊತೆ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ, ನಮ್ಮ ರಾಜ್ಯದ ಎಂ.ಟೆಕ್ ಸೀಟುಗಳಿಗೆ ಕೆಇಎ ನಡೆಸುವ ಪಿಜಿಸಿಇಟಿ ಇದೆ. ಮೈಸೂರು, ಧಾರವಾಡ, ಕುವೆಂಪು, ಕಲಬುರಗಿಯಂಥ ವಿಶ್ವವಿದ್ಯಾಲಯಗಳು ತಮ್ಮ ಎಂ.ಎಸ್ಸಿ.ಗೆ ತಾವೇ ಅರ್ಜಿ ಕರೆಯುತ್ತವೆ. ಶುಲ್ಕ ವಿನಾಯಿತಿಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರಗಳ ಅವಧಿ ಮುಗಿದಿದೆಯಾ ಅಂತ ಈಗಲೇ ನೋಡಿ. ನಾಡಕಚೇರಿಗೆ ಕೊನೇ ಗಳಿಗೆಯಲ್ಲಿ ಓಡುವುದು ಬೇಡ.

ತಯಾರಿ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಜೀವಶಾಸ್ತ್ರವನ್ನು ಎಲ್ಲರೂ ಓದಿರುತ್ತಾರೆ. ಅದರಲ್ಲಿ ನಿಮಗೂ ಪಕ್ಕದವರಿಗೂ ಅಂತರ ಕಮ್ಮಿ. ಅಂತರ ಹುಟ್ಟುವುದು ಗಣಿತ ಮತ್ತು ಭೌತ ರಸಾಯನಶಾಸ್ತ್ರದಲ್ಲಿ. ಹಳೇ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ಬರೀ ಉತ್ತರ ನೋಡಿ ತಲೆಯಾಡಿಸಬೇಡಿ.

ಹಂತ 4: ಕಾಲೇಜು ನೋಡುವಾಗ ಲಾಗ್‌ಬುಕ್ ತೆರೆಸಿ

ರ‍್ಯಾಂಕಿಂಗ್, ಕಟ್ಟಡ, ಪ್ಲೇಸ್‌ಮೆಂಟ್ ಪೋಸ್ಟರ್ ಎಲ್ಲ ಇರಲಿ. ಸಾಧ್ಯವಾದರೆ ಸೇರುವ ಮೊದಲು ವಿಭಾಗಕ್ಕೆ ಒಮ್ಮೆ ಹೋಗಿ. ಪ್ರಯೋಗಾಲಯದಲ್ಲಿ ಫರ್ಮೆಂಟರ್ ಇದೆಯಾ ಅಂತ ಕೇಳಿದರೆ ಬಹುತೇಕ ಎಲ್ಲರೂ "ಇದೆ" ಅನ್ನುತ್ತಾರೆ. ನೀವು ಕೇಳಬೇಕಾದ್ದು ಅದರ ಲಾಗ್‌ಬುಕ್. ಕಳೆದ ಆರು ತಿಂಗಳಲ್ಲಿ ಎಷ್ಟು ಬ್ಯಾಚ್ ಓಡಿದೆ? ಯಾರ ಹೆಸರಿದೆ, ವಿದ್ಯಾರ್ಥಿಗಳದ್ದೋ ಪಿಎಚ್.ಡಿ.ಯವರದ್ದು ಮಾತ್ರವೋ? ಆಮ್ಲಜನಕದ ಪ್ರೋಬ್ ಕೆಲಸ ಮಾಡುತ್ತಾ? ಕಂಪ್ರೆಸರ್ ಇದೆಯಾ? ಲಾಗ್‌ಬುಕ್ಕಿನ ಕೊನೆಯ ದಾಖಲೆ ಎರಡು ವರ್ಷ ಹಳೆಯದಾಗಿದ್ದರೆ ಆ ಯಂತ್ರ ತಪಾಸಣೆಯವರಿಗೆ ತೋರಿಸಲು ಇಟ್ಟದ್ದು ಅಂತ ತಿಳಿಯಿರಿ.

ಡೌನ್‌ಸ್ಟ್ರೀಮ್ ಉಪಕರಣಗಳನ್ನೂ ನೋಡಿ. ಕ್ರೊಮ್ಯಾಟೊಗ್ರಫಿ ಯಂತ್ರ, ಟ್ಯಾಂಜೆನ್ಷಿಯಲ್ ಫ್ಲೋ ಫಿಲ್ಟ್ರೇಶನ್ ಕಿಟ್, ಕೋಶ ಒಡೆಯುವ ಹೊಮೊಜನೈಸರ್, ಎಚ್‌ಪಿಎಲ್‌ಸಿ. ಇವೆಲ್ಲ ಒಂದೇ ಕಡೆ ಇರುವುದು ಅಪರೂಪ. ಎರಡಾದರೂ ಓಡುತ್ತಿದ್ದರೆ ಒಳ್ಳೆಯ ಲಕ್ಷಣ.

ಆಮೇಲೆ ಕ್ಯಾಂಟೀನಿಗೆ ಹೋಗಿ ಕೊನೇ ಸೆಮಿಸ್ಟರಿನವರನ್ನು ಮಾತಾಡಿಸಿ. "ಅಕ್ಕಾ, ಪ್ರಾಜೆಕ್ಟ್ ಎಲ್ಲಿ ಮಾಡ್ತಿದೀರಾ?" ಅಂತ ಕೇಳಿದರೆ ಸಾಕು, ಸತ್ಯ ಹೊರಬರುತ್ತದೆ. ಕಂಪನಿಯಲ್ಲೋ ರಾಷ್ಟ್ರೀಯ ಸಂಸ್ಥೆಯಲ್ಲೋ ಮಾಡುತ್ತಿರುವವರು ಜಾಸ್ತಿ ಇದ್ದರೆ ಆ ವಿಭಾಗಕ್ಕೆ ಹೊರಗಿನವರ ಜೊತೆ ಒಳ್ಳೆಯ ಸಂಪರ್ಕ ಇದೆ ಎಂದರ್ಥ.

ಊರೂ ಒಂದು ಲೆಕ್ಕಕ್ಕೆ ಬರುತ್ತದೆ. ಕಿರಣ್ ಮಜುಂದಾರ್ ಶಾ ಅವರು 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಶುರುಮಾಡಿದಾಗ ಕೆಲಸ ಇದ್ದದ್ದು ಪರಂಗಿ ಹಾಲಿನಿಂದ ಪಪೈನ್ ಕಿಣ್ವ ತೆಗೆಯುವುದು. 2004ರಲ್ಲಿ ಅದೇ ಕಂಪನಿ ಪಿಕಿಯಾ ಎಂಬ ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ರಾಜ್ಯ ಸರ್ಕಾರ 2001ರಲ್ಲೇ ಬಯೋಟೆಕ್ ನೀತಿ ಮಾಡಿತು. ಇವತ್ತು ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ ಸಿಟಿ ಸುತ್ತ ಬಯೋಕಾನ್, ಸಿಂಜೀನ್, ಆಂಥೆಮ್ ಹತ್ತಿರ ಹತ್ತಿರದಲ್ಲೇ ಇವೆ. ಮೈಸೂರಿನಲ್ಲಿ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಪುಣೆಯಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಮತ್ತು ಎಥನಾಲ್ ತಂತ್ರಜ್ಞಾನದ ಪ್ರಾಜ್, ಹೈದರಾಬಾದಿನಲ್ಲಿ ಭಾರತ್ ಬಯೋಟೆಕ್. ಇಂಥ ಊರಿನಲ್ಲಿ ಓದಿದರೆ ಪ್ರಾಜೆಕ್ಟಿಗೆ ಬಾಗಿಲು ತಟ್ಟುವುದು ಸುಲಭ. ಹಾಗಂತ ಬೆಂಗಳೂರಿನ ಯಾವುದೋ ಖಾಲಿ ಲ್ಯಾಬಿಗಿಂತ ಸಣ್ಣ ಊರಿನ, ಫರ್ಮೆಂಟರ್ ದಿನಾ ಓಡುವ ವಿಭಾಗ ಖಂಡಿತ ಮೇಲು.

ಹಂತ 5: ಸೇರುವ ಮೊದಲಿನ ಎರಡು ತಿಂಗಳು

ಫಲಿತಾಂಶಕ್ಕೆ ಕಾಯುವ ಈ ದಿನಗಳು ಸುಮ್ನೆ ಕಳೆದುಹೋಗುತ್ತವೆ. ಎರಡು ಕೆಲಸ ಮಾಡಿ.

ಪಿಯುಸಿಯಲ್ಲಿ ಗಣಿತ ತೆಗೆದುಕೊಳ್ಳದವರು ಈಗ ಕೂತು ಲಾಗರಿದಮ್, ಘಾತೀಯ ಬೆಳವಣಿಗೆ, ಸರಳ ಅವಕಲನ ಮತ್ತು ಸಮಾಕಲನ, ರೇಖೆಯ ಇಳಿಜಾರು ಹುಡುಕುವುದು, ಇಷ್ಟನ್ನು ಕಲಿಯಿರಿ. ಈ ಕೋರ್ಸಿಗೆ ಬೇಕಾದ ಗಣಿತದ ಬಹುಪಾಲು ಇದರಲ್ಲೇ ಇದೆ. ಹೆದರಬೇಕಾದ್ದು ಏನೂ ಇಲ್ಲ. ಇ. ಕೋಲೈ 20 ನಿಮಿಷಕ್ಕೆ ಇಮ್ಮಡಿಯಾದರೆ ಅದರ ಬೆಳವಣಿಗೆಯ ದರ ಎಷ್ಟು? 0.693 ಅನ್ನು ಗಂಟೆಯ ಮೂರನೇ ಒಂದರಿಂದ ಭಾಗಿಸಿ. ಗಂಟೆಗೆ 2.08. ಇಲ್ಲಿಂದ ಶುರು.

ಎಂಜಿನಿಯರಿಂಗ್ ಕಡೆಯಿಂದ ಬರುವವರಿಗೆ ಕೊರತೆ ಇನ್ನೊಂದು ಬದಿಯಲ್ಲಿರುತ್ತದೆ. ಗ್ಲೈಕಾಲಿಸಿಸ್, ಟಿಸಿಎ ಚಕ್ರ, ಕಿಣ್ವದ ಕೆಲಸ, ಸೂಕ್ಷ್ಮಜೀವಿಗಳ ಪೋಷಣೆ ಓದಿಕೊಳ್ಳಿ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಬಯೋಪ್ರೊಸೆಸ್ ಪಾಠಗಳು ಉಚಿತವಾಗಿ ಸಿಗುತ್ತವೆ. ದಿನಕ್ಕೆ ಒಂದು ಪಾಠ, ಜೊತೆಗೆ ಅದರಲ್ಲಿರುವ ಲೆಕ್ಕ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪಠ್ಯ ಭಾರ ಅನ್ನಿಸುತ್ತದೆ. ವಿಷಯವನ್ನು ಮೊದಲು ಕನ್ನಡದಲ್ಲೇ ನಿಮಗೆ ನೀವೇ ಹೇಳಿಕೊಂಡು ಅರ್ಥ ಮಾಡಿಕೊಳ್ಳಿ. ಆಮೇಲೆ ಲ್ಯಾಬ್ ರೆಕಾರ್ಡನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ತಲೆಯಲ್ಲಿ ವಿಷಯ ಗಟ್ಟಿಯಾಗಿದ್ದರೆ ಭಾಷೆ ಒಂದು ವರ್ಷದೊಳಗೆ ದಾರಿಗೆ ಬರುತ್ತದೆ.

ಹಂತ 6: ಕೈಗೆ ಬರಲೇಬೇಕಾದ ನಾಲ್ಕು ಲೆಕ್ಕಗಳು

ಸಿಲಬಸ್ ದೊಡ್ಡದು. ಅದರ ಬೆನ್ನೆಲುಬು ನಾಲ್ಕು ಲೆಕ್ಕಗಳಲ್ಲಿದೆ. ಇವನ್ನು ಪುಸ್ತಕ ಮುಚ್ಚಿ ಮಾಡುವಷ್ಟು ಅಭ್ಯಾಸ ಮಾಡಿ.

ಮೊದಲನೆಯದು ಇಳುವರಿ. 180 ಗ್ರಾಂ ಗ್ಲೂಕೋಸ್ ಪೂರ್ತಿ ಎಥನಾಲ್ ಆದರೆ 92 ಗ್ರಾಂ ಎಥನಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್ ಬರಬೇಕು. ಎರಡನ್ನೂ ಕೂಡಿದರೆ ಮತ್ತೆ 180. ಇದಕ್ಕಿಂತ ಜಾಸ್ತಿ ಎಥನಾಲ್ ಯಾವ ಯೀಸ್ಟೂ ಕೊಡಲಾರದು. ನಿಮ್ಮ ಪ್ರಯೋಗದಲ್ಲಿ 80 ಗ್ರಾಂ ಸಿಕ್ಕರೆ ಅದು ಗರಿಷ್ಠದ ಶೇ. 87. ಉಳಿದ ಸಕ್ಕರೆ ಎಲ್ಲಿ ಹೋಯಿತು? ಸ್ವಲ್ಪ ಯೀಸ್ಟಿನ ಮೈ ಬೆಳೆಸಲು, ಸ್ವಲ್ಪ ಗ್ಲಿಸರಾಲ್ ಆಗಲು, ಸ್ವಲ್ಪ ಹಾಗೇ ಉಳಿದಿರಬಹುದು. ಒಂದೊಂದನ್ನೂ ಅಳೆದು ಲೆಕ್ಕ ಕೂಡಿಸುವುದೇ ಮಾಸ್ ಬ್ಯಾಲೆನ್ಸ್. ಇದು ಬಂದರೆ ಅರ್ಧ ಬಯೋಪ್ರೊಸೆಸ್ ಬಂದ ಹಾಗೆ.

ಎರಡನೆಯದು ಆಮ್ಲಜನಕ. ಇದರ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಗಾಳಿ ಬೇಕಾದ ಬಹುತೇಕ ಫರ್ಮೆಂಟೇಶನ್‌ಗಳ ಕುತ್ತಿಗೆ ಹಿಡಿಯುವುದು ಇದೇ. 37 ಡಿಗ್ರಿಯಲ್ಲಿ ಗಾಳಿ ಹಾಯಿಸಿದ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 7 ಮಿಲಿಗ್ರಾಂ ಮಾತ್ರ. ದಟ್ಟವಾಗಿ ಬೆಳೆದ ಇ. ಕೋಲೈ ಗಂಟೆಗೆ ಲೀಟರಿಗೆ 3.2 ಗ್ರಾಂ ಆಮ್ಲಜನಕ ಬಳಸುತ್ತಿದೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 0.9 ಮಿಲಿಗ್ರಾಂ. ಅಂದರೆ ಗಾಳಿ ನಿಂತರೆ ಎಂಟೇ ಸೆಕೆಂಡಿನಲ್ಲಿ ಟ್ಯಾಂಕು ಖಾಲಿ! ಪ್ರತಿ ಕ್ಷಣವೂ ಗಾಳಿಯಿಂದ ನೀರಿಗೆ ಆಮ್ಲಜನಕ ದಾಟುತ್ತಿರಬೇಕು. ಎಷ್ಟು ವೇಗವಾಗಿ ದಾಟುತ್ತದೆ ಅನ್ನುವುದನ್ನು ಹೇಳುವ ಅಂಕಿಯೇ ಕೆಎಲ್‌ಎ.

ಇದನ್ನು ಅಳೆಯುವ ಪ್ರಯೋಗ ಪ್ರತಿ ವಿದ್ಯಾರ್ಥಿಯೂ ಸ್ವಂತ ಮಾಡಬೇಕು. ಬೆಳೆಯುತ್ತಿರುವ ಕಲ್ಚರಿಗೆ ಗಾಳಿ ನಿಲ್ಲಿಸುತ್ತೀರಿ. ಪರದೆಯ ಮೇಲೆ ಆಮ್ಲಜನಕದ ಅಂಕಿ 80, 70, 60 ಅಂತ ಸರಸರ ಇಳಿಯುತ್ತದೆ. ಒಬ್ಬರು ಸ್ಟಾಪ್‌ವಾಚ್ ಹಿಡಿದು ಐದು ಸೆಕೆಂಡಿಗೊಮ್ಮೆ ಕೂಗಬೇಕು, ಇನ್ನೊಬ್ಬರು ಬರೆಯಬೇಕು. 20ಕ್ಕಿಂತ ಕೆಳಗೆ ಹೋಗುವ ಮೊದಲು ಗಾಳಿ ಬಿಡಿ, ಇಲ್ಲದಿದ್ದರೆ ಜೀವಿಗಳಿಗೇ ತೊಂದರೆ. ಈಗ ಅಂಕಿ ಮೇಲೇರುತ್ತದೆ. ಇಳಿದ ಗೆರೆಯ ಓರೆಯಿಂದ ಜೀವಿಗಳು ಎಷ್ಟು ಉಸಿರಾಡುತ್ತಿವೆ ಅಂತ ತಿಳಿಯುತ್ತದೆ. ಏರುವ ಗೆರೆಯಿಂದ ಕೆಎಲ್‌ಎ ಸಿಗುತ್ತದೆ. ಕಲಕುವ ವೇಗ ಹೆಚ್ಚಿಸಿ ಮತ್ತೊಮ್ಮೆ ಮಾಡಿ, ಗಾಳಿ ಹೆಚ್ಚಿಸಿ ಇನ್ನೊಮ್ಮೆ ಮಾಡಿ. ಯಾವುದರಿಂದ ಲಾಭ ಜಾಸ್ತಿ ಅನ್ನುವುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಮೂರನೆಯದು ಸ್ಕೇಲ್-ಅಪ್. ಐದು ಲೀಟರಿನ ಟ್ಯಾಂಕಿನ ಉದ್ದ, ಅಗಲ ಎಲ್ಲವನ್ನೂ ಹತ್ತು ಪಟ್ಟು ಮಾಡಿದರೆ ಐದು ಸಾವಿರ ಲೀಟರ್ ಆಗುತ್ತದೆ. ಒಳಗಿನ ದ್ರವ ಸಾವಿರ ಪಟ್ಟು, ಹೊರಮೈ ನೂರು ಪಟ್ಟು ಮಾತ್ರ. ಜೀವಿಗಳು ಬೆಳೆಯುವಾಗ ಹುಟ್ಟುವ ಬಿಸಿ ಹೊರಹೋಗಬೇಕಾದ್ದು ಆ ಹೊರಮೈಯಿಂದಲೇ. ಮದುವೆ ಮನೆಯ ಹಂಡೆಯ ಅನ್ನ ಮಧ್ಯಾಹ್ನದವರೆಗೂ ಬಿಸಿಯಾಗಿರುತ್ತದೆ, ತಟ್ಟೆಯ ಅನ್ನ ಐದು ನಿಮಿಷಕ್ಕೆ ಆರುತ್ತದೆ, ಅಲ್ವಾ? ಅದೇ ಕಾರಣ. ಸಣ್ಣ ಟ್ಯಾಂಕಿಗೆ ಹೊರಗಿನ ಜಾಕೆಟ್ಟಿನಲ್ಲಿ ತಣ್ಣೀರು ಹರಿಸಿದರೆ ಸಾಕು. ದೊಡ್ಡದರಲ್ಲಿ ಒಳಗೂ ಕೊಳವೆ ಸುರುಳಿ ಇಡಬೇಕಾಗುತ್ತದೆ. ಕಲಕುವಿಕೆ, ಗಾಳಿಯ ಗುಳ್ಳೆ, ಆಹಾರ ಎಲ್ಲ ಕಡೆ ಸಮನಾಗಿ ಬೆರೆಯುವುದು, ಎಲ್ಲದರಲ್ಲೂ ಇಂಥ ತೊಡಕು ಬರುತ್ತದೆ. ಫ್ಲಾಸ್ಕಿನಲ್ಲಿ ಗೆದ್ದ ಎಷ್ಟೋ ಪ್ರಯೋಗಗಳು ಟ್ಯಾಂಕಿನಲ್ಲಿ ಸೋಲುವುದು ಇಲ್ಲೇ.

ನಾಲ್ಕನೆಯದು ಚಿಕ್ಕದು, ಆದರೆ ದುಡ್ಡಿನ ಲೆಕ್ಕ. ಶುದ್ಧೀಕರಣದಲ್ಲಿ ಐದು ಹಂತ ಇವೆ, ಪ್ರತಿ ಹಂತದಲ್ಲೂ ಶೇ. 90 ಉಳಿಸಿಕೊಂಡಿರಿ. ಕೊನೆಗೆ ಕೈಯಲ್ಲಿರುವುದು ಶೇ. 59. ಒಂದು ಹಂತ ತೆಗೆದುಹಾಕಿದರೆ ಶೇ. 66. ಇದಕ್ಕೇ ಕಂಪನಿಗಳು ಹಂತ ಕಡಿಮೆ ಮಾಡುವವರನ್ನು ಹುಡುಕುತ್ತವೆ.

ಹಂತ 7: ಲ್ಯಾಬಿನಲ್ಲಿ ಕಲಿಯುವ ಶಿಸ್ತು

ಒಂದು ಬ್ಯಾಚನ್ನು ಆರಂಭದಿಂದ ಕೊನೆಯವರೆಗೆ ನೀವೇ ನಡೆಸಿ. ಅದರ ಕ್ರಮ ಹೀಗೆ. ಪಿಎಚ್ ಪ್ರೋಬನ್ನು 4 ಮತ್ತು 7ರ ಬಫರಿನಲ್ಲಿ ಸರಿಹೊಂದಿಸುವುದು ಆಟೋಕ್ಲೇವಿಗೆ ಹಾಕುವ ಮೊದಲೇ ಆಗಬೇಕು, ಆಮೇಲೆ ಒಳಗೆ ಕೈ ಹಾಕುವ ಹಾಗಿಲ್ಲ. ಗಾಳಿಯ ಫಿಲ್ಟರ್ 0.2 ಮೈಕ್ರಾನಿನದು, ಅದು ಒದ್ದೆಯಾಗದಂತೆ ಫಾಯಿಲ್ ಸುತ್ತಿ. 121 ಡಿಗ್ರಿಯಲ್ಲಿ ಸ್ಟೆರಿಲೈಸ್ ಮಾಡಿ, ತಣಿದ ಮೇಲೆ ನೈಟ್ರೋಜನ್ ಹಾಯಿಸಿ ಆಮ್ಲಜನಕದ ಸೊನ್ನೆ, ಗಾಳಿ ಹಾಯಿಸಿ 100 ಗೊತ್ತುಮಾಡಿ. ನಂತರ ಶೇ. 5ರಿಂದ 10ರಷ್ಟು ಇನಾಕ್ಯುಲಂ, ಅಂದರೆ ಮೊದಲೇ ಬೆಳೆಸಿಟ್ಟ ಜೀವಿಗಳ ಹೆಪ್ಪು. ಗಂಟೆಗೊಮ್ಮೆ ಸ್ಯಾಂಪಲ್ ತೆಗೆದು 600 ನ್ಯಾನೊಮೀಟರ್‌ನಲ್ಲಿ ಅದರ ಆಪ್ಟಿಕಲ್ ಡೆನ್ಸಿಟಿ (ಒ.ಡಿ., ದ್ರವ ಎಷ್ಟು ಮಬ್ಬಾಗಿದೆ ಅನ್ನುವ ಅಳತೆ) ನೋಡಿ, ಉಳಿದದ್ದನ್ನು ಸೆಂಟ್ರಿಫ್ಯೂಜ್ ಮಾಡಿ ಸಕ್ಕರೆ ಅಳೆಯಲು ಫ್ರೀಜರಿಗೆ ಹಾಕಿ.

ನೊರೆಯ ಮೇಲೆ ಕಣ್ಣಿಡಿ. ನೊರೆ ಏರಿ ಗಾಳಿ ಹೊರಹೋಗುವ ದಾರಿಯ ಫಿಲ್ಟರ್ ಒದ್ದೆಯಾದರೆ ಅದು ಕಟ್ಟಿಕೊಂಡು ಒಳಗೆ ಒತ್ತಡ ಏರುತ್ತದೆ. ನೊರೆ ಇಳಿಸುವ ಆಂಟಿಫೋಮ್ ಜಾಸ್ತಿ ಸುರಿದರೆ ಕೆಎಲ್‌ಎ ಬೀಳುತ್ತದೆ. ನಾಲ್ಕು ಹನಿ ಸಾಕಾಗುವ ಕಡೆ ನಲವತ್ತು ಹನಿ ಬೇಡ.

ಬರೆಯುವ ಅಭ್ಯಾಸ ಈಗಿನಿಂದಲೇ ಬರಲಿ. ಕಂಪನಿಯಲ್ಲಿ ಇದನ್ನು ಬ್ಯಾಚ್ ರೆಕಾರ್ಡ್ ಅನ್ನುತ್ತಾರೆ. ಮಾಡಿದ ಕೂಡಲೇ ಬರೆಯಬೇಕು. ಪೆನ್ನಿನಲ್ಲಿ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ, ಸಹಿ, ದಿನಾಂಕ. ವೈಟ್ನರ್ ಮುಟ್ಟುವ ಹಾಗೇ ಇಲ್ಲ. ಔಷಧ ತಯಾರಿಕೆಯಲ್ಲಿ ದಾಖಲೆ ಇಲ್ಲದ ಕೆಲಸ ಆಗಿಯೇ ಇಲ್ಲ ಅಂತ ಲೆಕ್ಕ. ನಿಮ್ಮ ಲ್ಯಾಬ್ ನೋಟ್‌ಬುಕ್ಕನ್ನು ಹೀಗೇ ಇಟ್ಟುಕೊಂಡರೆ ಸಂದರ್ಶನಕ್ಕೆ ಅದನ್ನೇ ಹಿಡಿದುಕೊಂಡು ಹೋಗಬಹುದು.

ಕಂಪ್ಯೂಟರ್ ಕಡೆ ಎಕ್ಸೆಲ್ ಚೆನ್ನಾಗಿ ಬರಲಿ, ಪೈಥಾನ್ ಸ್ವಲ್ಪ ಬಂದರೆ ಒಳ್ಳೆಯದು. ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್ ಎಂಬ ಸಂಖ್ಯಾಶಾಸ್ತ್ರದ ವಿಧಾನವನ್ನು ಮಾತ್ರ ಬಿಡಬೇಡಿ. ತಾಪಮಾನ, ಪಿಎಚ್, ಸಾರಜನಕ ಮೂರನ್ನೂ ಒಟ್ಟಿಗೆ ಬದಲಾಯಿಸಿ ಕಮ್ಮಿ ಪ್ರಯೋಗದಲ್ಲಿ ಉತ್ತರ ಹುಡುಕುವ ಈ ದಾರಿಯನ್ನು ಕಂಪನಿಗಳು ದಿನಾ ಬಳಸುತ್ತವೆ.

ಹಂತ 8: ಪ್ರಾಜೆಕ್ಟ್, ಎರಡನೇ ಸೆಮಿಸ್ಟರಿನಿಂದಲೇ

ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಮೂರನೆಯದರ ಕೊನೆಯಲ್ಲಿ ಹುಡುಕಲು ಶುರುಮಾಡಿದರೆ ತಡವಾಯಿತು. ಒಳ್ಳೆಯ ಜಾಗಗಳು ಆಗಲೇ ತುಂಬಿರುತ್ತವೆ. ಎರಡನೇ ಸೆಮಿಸ್ಟರ್ ಮುಗಿಯುವಾಗ ಇಮೇಲ್ ಕಳಿಸಲು ಶುರುಮಾಡಿ. ಎಲ್ಲರಿಗೂ ಒಂದೇ ಪತ್ರ ಬೇಡ. ಆ ವಿಜ್ಞಾನಿಯ ಇತ್ತೀಚಿನ ಒಂದು ಪ್ರಬಂಧ ಓದಿ, ಅದರ ಬಗ್ಗೆ ಎರಡು ಸಾಲು, ನಿಮಗೆ ಬರುವ ಕೆಲಸ ಎರಡು ಸಾಲು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲಿರಿ ಒಂದು ಸಾಲು. ಅಷ್ಟು ಸಾಕು.

ವಿಷಯ ಆರಿಸುವಾಗ ಸ್ಥಳೀಯ ಕಚ್ಚಾವಸ್ತು ಹಿಡಿಯಿರಿ ಅನ್ನುವುದು ನನ್ನ ಗಟ್ಟಿ ಸಲಹೆ. ಕಬ್ಬಿನ ಸಿಪ್ಪೆಯಿಂದ ಎರಡನೇ ತಲೆಮಾರಿನ (ಸಕ್ಕರೆಯ ಬದಲು ನಾರಿನಿಂದ ಮಾಡುವ) ಎಥನಾಲ್, ಕಾಫಿ ಹಣ್ಣಿನ ಸಿಪ್ಪೆಯಿಂದ ಪೆಕ್ಟಿನೇಸ್ ಕಿಣ್ವ, ಡೇರಿಯ ವೇ ನೀರಿನಿಂದ ಲ್ಯಾಕ್ಟಿಕ್ ಆಮ್ಲ. ಮಂಡ್ಯದ ಹುಡುಗನಿಗೆ ಸಿಪ್ಪೆ ಉಚಿತವಾಗಿ ಸಿಗುತ್ತದೆ, ಚಿಕ್ಕಮಗಳೂರಿನ ಹುಡುಗಿಗೆ ಕಾಫಿ ತೋಟ ಮನೆ ಪಕ್ಕದಲ್ಲೇ ಇರುತ್ತದೆ. ಕಚ್ಚಾವಸ್ತು ಹಂಗಾಮಿನಿಂದ ಹಂಗಾಮಿಗೆ ಬದಲಾದಾಗ ಏನಾಗುತ್ತದೆ ಅನ್ನುವುದೂ ಆಗ ತಿಳಿಯುತ್ತದೆ, ಶುದ್ಧ ಗ್ಲೂಕೋಸ್ ಬಾಟಲಿ ಅದನ್ನು ಕಲಿಸುವುದಿಲ್ಲ. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ಬಯೋಇ3 ನೀತಿಯೂ ಜೈವಿಕ ಉತ್ಪಾದನೆಗೆ ಒತ್ತು ಕೊಟ್ಟಿದೆ, ಹಾಗಾಗಿ ಇಂಥ ವಿಷಯಗಳನ್ನು ಗಂಭೀರವಾಗಿ ನೋಡುವವರು ಹೆಚ್ಚುತ್ತಿದ್ದಾರೆ.

ಪ್ರಬಂಧದ ಕೊನೆಗೆ ಒಂದು ಪುಟ ಖರ್ಚಿನ ಲೆಕ್ಕ ಸೇರಿಸಿ. ಒಂದು ಕಿಲೋ ಉತ್ಪನ್ನಕ್ಕೆ ಕಚ್ಚಾವಸ್ತು ಎಷ್ಟು, ಸ್ಟೀಮ್ ಎಷ್ಟು, ಕರೆಂಟ್ ಎಷ್ಟು. ಅಂದಾಜಾದರೂ ಪರವಾಗಿಲ್ಲ. ಹೀಗೆ ಯೋಚಿಸುವ ವಿದ್ಯಾರ್ಥಿ ಕಡಿಮೆ, ಕೈಗಾರಿಕೆಗೆ ಬೇಕಾದ್ದು ಅಂಥವರೇ.

ಹಂತ 9: ಹೊರದೇಶ ಬೇಕೆಂದರೆ

ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇಂಡಸ್ಟ್ರಿಯಲ್ ಬಯೋಟೆಕ್ನಾಲಜಿ ಎಂಬ ಹೆಸರಿನಲ್ಲೇ ಮಾಸ್ಟರ್ಸ್ ಇದೆ. ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯ, ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಡಿಟಿಯು ಕೂಡ ಈ ಕ್ಷೇತ್ರದಲ್ಲಿ ಹೆಸರಾದವು. "ಜರ್ಮನಿಯಲ್ಲಿ ಎಲ್ಲ ಉಚಿತ" ಅಂತ ನಂಬಿ ಹೊರಡಬೇಡಿ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ನಿಜ. ಆದರೆ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿನ ಹೊರಗಿನವರಿಗೆ ಶುಲ್ಕ ಹಾಕುತ್ತಿದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ. ಭಾರತೀಯರಿಗೆ ಅಂಕಪಟ್ಟಿ, ಪದವಿ ಅಸಲಿ ಅಂತ ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ, ಅದಕ್ಕೆ ಸಮಯ ಹಿಡಿಯುತ್ತದೆ. ವರ್ಷದ ಖರ್ಚಿಗೆ ಬ್ಲಾಕ್ಡ್ ಅಕೌಂಟಿನಲ್ಲಿ ದುಡ್ಡು ತೋರಿಸಬೇಕು, 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಮನೆಯವರ ಜೊತೆ ಕೂತು ಇದನ್ನೆಲ್ಲ ಬರೆದು ಲೆಕ್ಕ ಹಾಕಿ, ಆಮೇಲೆ ಅರ್ಜಿ.

ಹಂತ 10: ಕೆಲಸ ಹುಡುಕುವಾಗ

ಕೆಲಸದ ಹೆಸರುಗಳನ್ನು ತಿಳಿದುಕೊಂಡು ಅರ್ಜಿ ಹಾಕಿ. ಅಪ್‌ಸ್ಟ್ರೀಮ್ ಅಂದರೆ ಕೋಶ ಬೆಳೆಸುವ ಕಡೆ, ಡೌನ್‌ಸ್ಟ್ರೀಮ್ ಅಂದರೆ ಶುದ್ಧ ಮಾಡುವ ಕಡೆ. ಕ್ಯೂಸಿ ಪರೀಕ್ಷೆ ಮಾಡುತ್ತದೆ, ಕ್ಯೂಎ ದಾಖಲೆ ಮತ್ತು ನಿಯಮ ನೋಡುತ್ತದೆ. ಪ್ರೊಸೆಸ್ ಡೆವಲಪ್‌ಮೆಂಟ್ ಹೊಸ ವಿಧಾನ ಕಟ್ಟುತ್ತದೆ, ಟೆಕ್ ಟ್ರಾನ್ಸ್‌ಫರ್ ಅದನ್ನು ಕಾರ್ಖಾನೆಗೆ ದಾಟಿಸುತ್ತದೆ. ಮೊದಲ ಕೆಲಸ ಉತ್ಪಾದನಾ ಘಟಕದಲ್ಲಿ, ಶಿಫ್ಟಿನಲ್ಲಿ ಸಿಕ್ಕರೆ ಬೇಡ ಅನ್ನಬೇಡಿ. ದೊಡ್ಡ ಟ್ಯಾಂಕಿನ ಹತ್ತಿರ ಕಳೆದ ಎರಡು ವರ್ಷ ಮುಂದೆ ಪ್ರೊಸೆಸ್ ಡೆವಲಪ್‌ಮೆಂಟಿಗೆ ಹೋದಾಗ ನಿಮ್ಮ ಪರವಾಗಿ ಮಾತಾಡುತ್ತದೆ.

ಸಂದರ್ಶನದಲ್ಲಿ ಕೇಳುವುದು ಬಹುಪಾಲು ನಿಮ್ಮ ಪ್ರಾಜೆಕ್ಟಿನ ಒಳಗಿನ ಪ್ರಶ್ನೆಗಳೇ. ಈ ಪಿಎಚ್ ಯಾಕೆ ಆರಿಸಿದಿರಿ? ಹತ್ತನೇ ಗಂಟೆಗೆ ಆಮ್ಲಜನಕ ಯಾಕೆ ಬಿತ್ತು? ಬ್ಯಾಚಿಗೆ ಬೇರೆ ಜೀವಿ ಸೇರಿಕೊಂಡರೆ ಮೊದಲು ಎಲ್ಲಿ ಹುಡುಕುತ್ತೀರಿ? ಕೊನೆಯದಕ್ಕೆ ಉತ್ತರ ತಯಾರಿರಲಿ: ಇನಾಕ್ಯುಲಂ, ಗಾಳಿ ಫಿಲ್ಟರ್, ಸ್ಯಾಂಪಲ್ ಪೋರ್ಟ್, ಗ್ಯಾಸ್ಕೆಟ್, ಸ್ಟೆರಿಲೈಸೇಶನ್ ಚಾರ್ಟ್, ಹೀಗೆ ಒಂದೊಂದಾಗಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಆದರೆ ಹೇಗೆ ಕಂಡುಹಿಡಿಯುತ್ತೀರಿ ಅಂತ ಹೇಳಿ.

ಕೂಡಲೇ ಕೆಲಸ ಸಿಗದಿದ್ದರೆ ತರಬೇತಿಯ ದಾರಿಗಳಿವೆ. ಬಯೋಕಾನ್ ಅಕಾಡೆಮಿಯ ಕೋರ್ಸುಗಳು, ರಾಜ್ಯ ಸರ್ಕಾರ ಬೆಂಬಲಿಸುವ ಬೈಸೆಪ್ ಪಿಜಿ ಡಿಪ್ಲೊಮಾ ಇಂಥವು. ಸೇರುವ ಮೊದಲು ಇಲ್ಲೂ ಅದೇ ಪ್ರಶ್ನೆ ಕೇಳಿ: ಯಂತ್ರದ ಮೇಲೆ ಎಷ್ಟು ಗಂಟೆ, ತರಗತಿಯಲ್ಲಿ ಎಷ್ಟು? ಸ್ವಂತ ಕಂಪನಿಯ ಆಸೆ ಇರುವವರು ಡಿಬಿಟಿಯ ಕೆಳಗಿರುವ ಬೈರಾಕ್ ಸಂಸ್ಥೆಯ ಬಿಗ್ ಅನುದಾನ ನೋಡಿ, ಹೊಸ ಯೋಚನೆ ಪರೀಕ್ಷಿಸಲು 50 ಲಕ್ಷ ರೂಪಾಯಿವರೆಗೆ ಕೊಡುತ್ತಾರೆ. ಬೆಂಗಳೂರಿನ ಸಿ-ಕ್ಯಾಂಪ್ ಆ ಯೋಜನೆಯ ಪಾಲುದಾರ ಸಂಸ್ಥೆಗಳಲ್ಲಿ ಒಂದು. ಅರ್ಜಿಯಲ್ಲಿ ಅವರು ಮೊದಲು ನೋಡುವುದು ನಿಮ್ಮ ಪ್ರಾಥಮಿಕ ಅಂಕಿಅಂಶ, ಆದ್ದರಿಂದ ಎಂ.ಎಸ್ಸಿ. ಪ್ರಾಜೆಕ್ಟಿನ ಮೂಲ ದತ್ತಾಂಶ, ಕ್ರೊಮ್ಯಾಟೊಗ್ರಾಮ್, ನೋಟ್‌ಬುಕ್ಕಿನ ಪ್ರತಿಯನ್ನು ಮಾರ್ಗದರ್ಶಕರ ಒಪ್ಪಿಗೆ ಪಡೆದು ಜೋಪಾನ ಮಾಡಿ. ಅದರ ಮೇಲೆ ಹಕ್ಕು ಯಾರದ್ದು, ನಿಮ್ಮದೋ ಸಂಸ್ಥೆಯದ್ದೋ ಅನ್ನುವುದನ್ನೂ ಕಾಲೇಜು ಬಿಡುವ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ.